ಕೆಂಪು ಚೌಕದ ಉತ್ತರ

ಸ್ಯಾನ್ ಡಿಯೇಗೋದಲ್ಲಿ ಲೈಬ್ರರಿಯ ಒಂದು ಕೋಣೆಯಲ್ಲಿ ನಾನು ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಪಾಠದ ಹಾಳೆಗಳನ್ನು ನಾನೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿ ತರುತ್ತಿದ್ದೆ. 2005ರಲ್ಲಿ ಹತ್ತಿರದ ಕಾರ್ಲ್ಸ್‌ಬಾಡ್ ಊರಿನ ಎಂಜಿನಿಯರ್ ಒಬ್ಬರು ಮಗಳನ್ನು ಕ್ಲಾಸಿಗೆ ಸೇರಿಸಿದರು. ಧಾರವಾಡದ ಕಡೆಯವರು. ಎರಡನೇ ವಾರವೇ ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದನ್ನ ನೋಡಿದ್ರ ಹುಡುಗ್ರಿಗೆ ನಿದ್ದಿ ಬರ್ತದ್ರೀ, ಮೇಡಂ. ಆಟಾ ಆಡಿಸ್ರಿ, ತಾವ ಕಲೀತಾವ."

ಮುಂದಿನ ವಾರ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಎರಡು ಬಜರ್ ಬಂದವು. ತೆರೆಯ ಮೇಲೆ ಆನೆಯ ಚಿತ್ರ, ಕೆಳಗೆ ಬಣ್ಣಬಣ್ಣದ ಚೌಕಗಳಲ್ಲಿ ಮೂರು ಪದ. ಮಕ್ಕಳು ಬಜರ್ ಒತ್ತಿ "ರೆಡ್! ರೆಡ್!" ಎಂದು ಕಿರುಚಿದರು. ತಂದೆತಾಯಂದಿರು ಚಪ್ಪಾಳೆ ತಟ್ಟಿದರು. ನನ್ನ ಹಾಳೆಗಳ ಮೇಲೆ ಯಾರೋ ಜ್ಯೂಸ್ ಬಾಟಲಿ ಇಟ್ಟಿದ್ದರು. ನನಗೆ ಮೈ ಉರಿದುಹೋಯಿತು.

ಒಂದು ತಿಂಗಳು ನೋಡಿದೆ. ಮಕ್ಕಳು ಯಾವ ಚಿತ್ರಕ್ಕೆ ಯಾವ ಬಣ್ಣ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು, ಅಷ್ಟೆ. ಇದನ್ನು ಆ ಮನುಷ್ಯನಿಗೆ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಅವೇ ಪ್ರಶ್ನೆಗಳನ್ನು ಬಣ್ಣವಿಲ್ಲದೆ ಹಾಳೆಯ ಮೇಲೆ ಪ್ರಿಂಟ್ ಮಾಡಿಸಿ, ಹಿರಿಯರೆಲ್ಲ ಹಿಂದೆ ಕೂತಿದ್ದ ದಿನ, ಆಟದಲ್ಲಿ ಸದಾ ಗೆಲ್ಲುತ್ತಿದ್ದ ಅವರ ಮಗಳನ್ನೇ ಮೊದಲು ಎಬ್ಬಿಸಿದೆ. ಒಂಬತ್ತು ವರ್ಷದ ಹುಡುಗಿ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ವಿಚ್ ಒನ್ ಈಸ್ ರೆಡ್, ಆಂಟಿ?"

ಎಲ್ಲರೂ ನಕ್ಕರು. ಅವಳ ಮುಖ ಸಣ್ಣದಾಯಿತು. ನನಗೆ ಆಗ ಆದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ.

ಅವಳ ತಂದೆ ಪ್ರೊಜೆಕ್ಟರಿನ ವೈರು ಸುತ್ತುತ್ತ ಹೇಳಿದರು: "ಸಿಟ್ಟ ನನ್ನ ಮ್ಯಾಲ ಇತ್ತಲ್ರೀ. ಕೂಸಿನ ಮ್ಯಾಲ ಯಾಕ ತೀರಿಸ್ಕೊಂಡ್ರಿ?"

"ಓದೋಕೆ ಬಂದಿದ್ರೆ ಯಾರೂ ನಗ್ತಿರ್ಲಿಲ್ಲ," ಎಂದೆ.

ಮೂರು ಭಾನುವಾರ ಅವರು ಬರಲಿಲ್ಲ. ನಾಲ್ಕನೆಯದಕ್ಕೆ ಬಂದಾಗ ಆಟವೇ ಬದಲಾಗಿತ್ತು. ತೆರೆಯ ಮೇಲೆ ಪ್ರಶ್ನೆ ಮಾತ್ರ. ಉತ್ತರವನ್ನು ನನ್ನ ಹಾಳೆಗಳಲ್ಲಿ ಹುಡುಕಿ, ಆ ಸಾಲನ್ನು ಗಟ್ಟಿಯಾಗಿ ಓದಿದವರಿಗಷ್ಟೇ ಅಂಕ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಪಾಠಗಳನ್ನೆಲ್ಲ ಟೈಪ್ ಮಾಡಿ ಪುಸ್ತಕದಂತೆ ಹೊಲಿಸಿ ತಂದಿದ್ದರು. ಎರಡು ಕಡೆ ನನ್ನ ಕಾಗುಣಿತದ ತಪ್ಪನ್ನೂ ತಿದ್ದಿದ್ದರು! ಜಗಳವಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಕ್ಕಳು ಪುಟ ಮಗುಚುತ್ತ, ತೊದಲುತ್ತ, ಓದತೊಡಗಿದ್ದರು.

ಹಾಗೆ ಎರಡು ವರ್ಷ ಇಬ್ಬರೂ ಸೇರಿ ಕಲಿಸಿದೆವು. ಮಕ್ಕಳು ನಿಜಕ್ಕೂ ಓದಲು ಕಲಿತರು. ನಾವಿಬ್ಬರು ಮಾತ್ರ "ಪ್ಲಗ್ ಹಾಕಿ", "ಪುಟ ಹೇಳ್ರಿ" ಎನ್ನುವುದರಾಚೆ ಮಾತಾಡಲಿಲ್ಲ. ಆ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ಆದರೆ ನಾನು ಎದುರಿಗೆ ನಿಂತರೆ ಬಜರಿನಿಂದ ಕೈ ತೆಗೆದು ಸುಮ್ಮನೆ ಕೂರುತ್ತಿದ್ದಳು.