ಎಮಿಲ್ ಹೆಸರಿನ ಡಬ್ಬಿ

ಆ ನಾಲ್ಕು ಬ್ಯಾಟರಿ ಸೆಲ್ಲುಗಳು ಇನ್ನೂ ಯಾಕೆ ಸತ್ತಿಲ್ಲ? ಕೋಲೆಟ್ ಸುರೆಟ್‌ಗೆ ಮೂರು ವಾರದಿಂದ ಇದೊಂದೇ ಚಿಂತೆ. ಮಗುವಿಗೆ ಬಟ್ಟೆ ಬದಲಿಸುವಾಗಲೂ ಅದೇ, ಡಾರ್ಟ್‌ಮತ್‌ನಿಂದ ಹ್ಯಾಲಿಫ್ಯಾಕ್ಸ್‌ಗೆ ದಾಟುವ ಫೆರಿ ದೋಣಿಯಲ್ಲೂ ಅದೇ.

ಅವು ಸಾಯಬೇಕಾಗಿತ್ತು. ವಿಶ್ವವಿದ್ಯಾಲಯದ ಬ್ಯಾಟರಿ ಲ್ಯಾಬಿನಲ್ಲಿ ಏಳು ವರ್ಷದಿಂದ ಅವಳ ಕೆಲಸವೇ ಇದು: ತವರದ ಪುಡಿಗೆ ಅಂಟು ಕಲಸಿ, ತಾಮ್ರದ ಹಾಳೆಗೆ ಬಳಿದು ಒಣಗಿಸಿ, ಬಿಲ್ಲೆ ಕತ್ತರಿಸಿ, ಕೋಟಿನ ಗುಂಡಿಯಷ್ಟಗಲದ ಸೆಲ್ ಕಟ್ಟುವುದು. ಲಾಬ್‌ಸ್ಟರ್ ಹಿಡಿಯುವ ಬೋನಿಗೆ ಬಲೆ ಹೆಣೆಯುವ ಮನೆಯಿಂದ ಬಂದವಳು, ಕೈ ನಡುಗುವುದಿಲ್ಲ ಎಂದು ಪ್ರೊಫೆಸರ್ ಹೊಗಳುತ್ತಿದ್ದರು. ಚಾರ್ಜ್ ಆಗುವಾಗ ಲಿಥಿಯಂ ಒಳಗೆ ಹೋಗಿ ತವರ ಉಬ್ಬುತ್ತದೆ, ಬಳಸುವಾಗ ಅದು ಹೊರಗೆ ಬಂದು ಕುಗ್ಗುತ್ತದೆ; ಮೂವತ್ತು ಸಲ ಹಾಗಾಗುವಷ್ಟರಲ್ಲಿ ಬಿರಿದು ಉದುರಿಹೋಗುತ್ತದೆ. ಈ ನಾಲ್ಕು ಮಾತ್ರ ನೂರಿಪ್ಪತ್ತು ದಾಟಿಯೂ ಗಟ್ಟಿಯಾಗಿ ನಿಂತಿದ್ದವು. ಹೆರಿಗೆ ರಜೆ ಮುಗಿಸಿ ಬಂದ ಮೊದಲ ವಾರ, ಅರೆನಿದ್ದೆಯಲ್ಲಿ ಅವಳೇ ಕಟ್ಟಿದವು.

"ನನ್ನ ಹೊಸ ಪುಡಿ ಮಹಿಮೆ ಕಣೇ!" ಎಂದು ಕುಣಿದವನು ಸಂಶೋಧನಾ ವಿದ್ಯಾರ್ಥಿ ಫರ್ಗಸ್. "ಮಾಂಟ್ರಿಯಲ್ ಸಮ್ಮೇಳನದಲ್ಲಿ ಇದನ್ನೇ ಹೇಳೋದು."

"ಅಂಟು ಹಳೇದೇ ತಾನೆ?" ಎಂದಳು ಕೋಲೆಟ್. ಲ್ಯಾಬಿನಲ್ಲಿ ಹಳೇದರ ಜೊತೆ ಹೊಸದೊಂದು ಅಂಟನ್ನೂ ಪರೀಕ್ಷಿಸುತ್ತಿದ್ದರು. ಹೊಸ ಅಂಟಾಗಿದ್ದರೆ ಯಾವ ಪುಡಿಯನ್ನಾದರೂ ಹಿಡಿದು ನಿಲ್ಲಿಸುತ್ತದೆ. ಆಗ ಪುಡಿಯ ಹೆಚ್ಚುಗಾರಿಕೆ ಏನೂ ಇಲ್ಲ.

"ಹಳೇದು ಅಂತ ಲ್ಯಾಬಿನ ಪಟ್ಟೀಲಿ ನೀನೇ ಬರೆದಿದೀಯಲ್ಲ, ತಾಯಿ! ಹೋಗಿ ಒಂಚೂರು ನಿದ್ದೆ ಮಾಡು."

ಬರೆದಿದ್ದಳು, ನಿಜ. ಆದರೆ ಇವತ್ತು ಬೆಳಿಗ್ಗೆ ಕಪಾಟಿನ ಮೂಲೆಯಲ್ಲಿ ಆ ಸೆಲ್ಲುಗಳಿಗೆ ಅಂಟು ಕಲಸಿದ ಡಬ್ಬಿ ಸಿಕ್ಕಿತು. ಮೇಲಿನ ಟೇಪಿನ ಮೇಲೆ ಅವಳದೇ ಅಕ್ಷರ: "ಎಮಿಲ್, ಅಕ್ಟೋಬರ್ 14". ಮಗನ ಹೆಸರು! ಅದು ಶಿಶುವಿಹಾರಕ್ಕೆ ಕೊಡುವ ಹಾಲಿನ ಬಾಟಲಿಗೆ ಅಂಟಿಸಬೇಕಾದ ಚೀಟಿ. ಹಾಗಾದರೆ ಬಾಟಲಿಯ ಮೇಲೆ ಇದ್ದದ್ದೇನು?

ಸಂಜೆ ಮಗುವನ್ನು ಕರೆತರಲು ಹೋದಾಗ ಶಿಶುವಿಹಾರದ ವಿಲ್ಮಾಳನ್ನು ಕೇಳಿದಳು.

"ಅಯ್ಯೋ, ಅದನ್ನ ಮರೆಯೋಕಾಗತ್ತಾ?" ವಿಲ್ಮಾ ನಗತೊಡಗಿದಳು. "'ಹೊಸ ಅಂಟು' ಅಂತ ನೀನು ಬಾಟ್ಲಿ ಮೇಲೆ ಬರೆದಿದ್ದೆ! ಮಗು ಬಾಯಿ ಮುಚ್ಚಿಸೋಕೆ ಒಳ್ಳೇ ಉಪಾಯ ಅಂದ್ಕೊಂಡ್ವಿ. ನಿಂಗೆ ಎರಡು ಸಲ ಫೋನ್ ಮಾಡಿದೆ, ಎತ್ತಲೇ ಇಲ್ಲ. ಪ್ಯಾಕೆಟ್ ಹಾಲೇ ಕೊಟ್ವಿ ಆವತ್ತು."

ಆ ಹೊತ್ತಿಗೆ ಅವಳ ಎರಡೂ ಕೈ ಸೆಲ್ ಕಟ್ಟುವ ಗಾಜಿನ ಪೆಟ್ಟಿಗೆಯ ರಬ್ಬರ್ ಗವಸಿನೊಳಗಿದ್ದಿರಬೇಕು.

ಕೋಲೆಟ್ ಹೊರಗಿನ ಬೆಂಚಿನ ಮೇಲೆ ಕುಳಿತಳು. ಎರಡು ಚೀಟಿಯನ್ನೂ ಒಟ್ಟಿಗೇ ಬರೆದು ಅದಲುಬದಲು ಅಂಟಿಸಿದ್ದಾಳೆ, ಅಷ್ಟು ಖಚಿತ. ಆದರೆ "ಹೊಸ" ಅಂತ ಯಾಕೆ ಬರೆದಳು? ಹೊಸದನ್ನೇ ಕಲಸಿ ಪಟ್ಟಿಯಲ್ಲಿ ಹಳೇದು ಅಂತ ಬರೆದಳೋ, ಚೀಟಿಯೇ ತಪ್ಪೋ? ಎಷ್ಟು ತಡಕಿದರೂ ಆ ಬೆಳಿಗ್ಗೆ ನೆನಪಿಗೆ ಬರಲೊಲ್ಲದು. ಮುಂದಿನ ತಿಂಗಳು ಅವಳ ನೌಕರಿಯ ಕರಾರು ಬೇರೆ ಮುಗಿಯುತ್ತದೆ. ಇದನ್ನು ಕೇಳಿದ ಮೇಲೆ ಯಾರು ಮುಂದುವರಿಸುತ್ತಾರೆ? ಸುಮ್ಮನಿದ್ದುಬಿಟ್ಟರೆ? ಹೇಗೂ ಗೊತ್ತಿಲ್ಲವಲ್ಲ. ಗೊತ್ತಿಲ್ಲದ್ದನ್ನು ಏನಂತ ಹೇಳುವುದು?

ಎಮಿಲ್ ಅವಳ ಟೋಪಿಯ ದಾರ ಚೀಪುತ್ತಿದ್ದ. ಅವಳು ಫೋನ್ ತೆಗೆದಳು, ಒಳಗಿಟ್ಟಳು, ಮತ್ತೆ ತೆಗೆದಳು.

"ಫರ್ಗಸ್, ಎಲ್ಲಿದೀಯ?"

"ವಿಮಾನ ಹತ್ತೋಕೆ ನಿಂತಿದೀನಿ. ಯಾಕೆ, ಸತ್ತೋದ್ವಾ ಸೆಲ್ಲು?"

"ಇಲ್ಲ, ಬದುಕಿರೋದೇ ತೊಂದರೆ. ಅವುಗಳಲ್ಲಿ ಯಾವ ಅಂಟಿದೆ ಅಂತ ನಂಗೆ ಗೊತ್ತಿಲ್ಲ ಕಣೋ. ಆ ನಾಲ್ಕನ್ನ ಭಾಷಣದಿಂದ ತೆಗಿ. ಪ್ರೊಫೆಸರ್‌ಗೆ ನಾನೇ ಹೇಳ್ತೀನಿ."