ಬಾವಿಗೆ ಬಿಟ್ಟ ಪೈಪು

ಸುವರ್ಣಾ, ನಮ್ಮ ಮನೆಯ ಬಾವಿಯ ನೀರನ್ನು ಸವುಳು ಮಾಡಿದವಳು ನಾನು. ನಿನ್ನ ಕೈ ತಾಗಿ ಅದು ಕೆಡಲಿಲ್ಲ. ನಿನ್ನ ಕಾಲ್ಗುಣಕ್ಕೂ ಆ ಉಪ್ಪಿಗೂ ಯಾವ ಸಂಬಂಧವೂ ಇರಲಿಲ್ಲ. ಇದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ನಿನ್ನ ಮಗಳು ಹುಟ್ಟಿ, ಬೆಳೆದು, ಈಗ ಹೈಸ್ಕೂಲು ಮೆಟ್ಟಿಲು ಹತ್ತುವವರೆಗೂ ಬಿಡಲಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಡಿಯಾಚೆಯ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವುದು ಬರೆಯುವುದು ಮಾತ್ರ ಮರಾಠಿ. ಕನ್ನಡ ಶಾಲೆ ಕಲಿತು ಇಲ್ಲಿಗೆ ಸೊಸೆಯಾಗಿ ಬಂದವರು ನಾವಿಬ್ಬರೇ — ನಾನು ಬಸವಕಲ್ಯಾಣದ ಕಡೆಯವಳು, ನೀನು ಭಾಲ್ಕಿ ಕಡೆಯವಳು. ಹಾಗಾಗಿ ಇದು ಬೇರೆಯವರ ಕೈಗೆ ಸಿಕ್ಕರೂ ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕಿತು. ಅದೂ ಹೇಡಿತನವೇ. ನನಗೆ ದಣಿವಾಗಿದೆ, ಸುವರ್ಣಾ. ಮುಚ್ಚಿಡುವುದಕ್ಕೂ ಮೈಯಲ್ಲಿ ಕಸುವು ಬೇಕಾಗುತ್ತದೆ.

ನೀನು ಬರುವ ಮೊದಲಿನ ಮಾತು ನಿನಗೆ ಗೊತ್ತಿಲ್ಲ, ಅದನ್ನು ಹೇಳಬೇಕು.

ಹಿತ್ತಲಿನ ಬಾವಿ ಆಗ ಸಿಹಿ. ಅತ್ತೆ ದಿನಾ ಬೆಳಿಗ್ಗೆ ತಾವೇ ಸೇದಿದ ನೀರಿನಿಂದ ಲಿಂಗಪೂಜೆ ಮಾಡಿ, ಆ ತೀರ್ಥ ತೆಗೆದುಕೊಂಡ ಮೇಲೆಯೇ ಚಹಾ ಮುಟ್ಟುತ್ತಿದ್ದರು. ಆದರೆ ಬೇಸಿಗೆಯಲ್ಲಿ ಬಾವಿ ತಳ ಕಾಣುತ್ತಿತ್ತು, ಓಣಿಯವರ ಕೊಡಗಳು ಸಾಲು ನಿಲ್ಲುತ್ತಿದ್ದವು. ಬೋರಿನಲ್ಲಿ ಮಾತ್ರ ಬೇಕಾದಷ್ಟು ನೀರು — ಬಾಯಲ್ಲಿಡಲಾಗದ ಸವುಳು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕಟ್ಟುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಮೂತ್ರಪಿಂಡದಲ್ಲಿ ಕಲ್ಲು ಬೇರೆ. ನಾನು ಬಿ.ಎಸ್ಸಿ.ಯನ್ನು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದವಳು. ಅರ್ಧ ಕಲಿತವರ ಉಮೇದು ನಿನಗೆ ಗೊತ್ತಲ್ಲ, ಅಡ್ಡಾಡಿದಲ್ಲೆಲ್ಲ ಅದನ್ನು ಹೊತ್ತು ತೋರಿಸಬೇಕು ಅನಿಸುತ್ತದೆ. ಬೋರಿಗೆ ದೊಡ್ಡ ಫಿಲ್ಟರ್ ಮಷೀನು ಕೂಡಿಸೋಣ, ಓಣಿಗೆಲ್ಲ ಸಿಹಿನೀರು ಕೊಡೋಣ ಎಂದು ಹಟ ಹಿಡಿದೆ.

ಅತ್ತೆ ಒಪ್ಪಲಿಲ್ಲ. "ಗಂಗವ್ವನ ಮಷೀನದಾಗ ಹಾಕಿ ಹಿಂಡತಿ ಏನ? ಬಾವಿಗಿ ಏನರೆ ಆಯ್ತಂದ್ರ ನಾ ನಿನಗ ಬಿಡಾಂಗಿಲ್ಲ, ನೋಡ," ಅಂದರು.

ನಾನು ನಕ್ಕೆ. ಉದಗೀರಕ್ಕೆ ಹೋಗಿ ಅಂಗಡಿ ಅಂಗಡಿ ತಿರುಗಿ ಮಷೀನು ಆರಿಸಿದೆ. ಅಗ್ಗದ್ದು ಬೇಡ, ನಮ್ಮ ಬೋರಿನಷ್ಟು ಉಪ್ಪನ್ನು ತಡೆಯುವ ಪೊರೆ ಇರುವುದೇ ಬೇಕು ಎಂದು ವಾದಿಸಿದೆ. ಅಂಗಡಿಯವನು ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಮೀಟರನ್ನು ಕೈಯಲ್ಲಿಟ್ಟು, ಮಷೀನು ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಿದ. ಒಳಗೆ ಹೋದ ನೀರಿನಲ್ಲಿ ಒಂದು ಪಾಲು ಸಿಹಿಯಾಗಿ ಬರುತ್ತದೆ, ಉಳಿದದ್ದು ಎಲ್ಲ ಉಪ್ಪನ್ನೂ ಹೊತ್ತುಕೊಂಡು ಇನ್ನೊಂದು ಪೈಪಿನಿಂದ ಹೊರಗೆ ಬೀಳುತ್ತದೆ. ಆ ನೀರನ್ನು ಎಲ್ಲಿ ಬಿಡುತ್ತೀರಿ, ಮೊದಲು ಯೋಚಿಸಿ ಅಂದ. ನನಗೆ ಯಾರೂ ಹೇಳಿರಲಿಲ್ಲ ಎಂದು ಇವತ್ತು ಹೇಳುವ ಹಾಗಿಲ್ಲ.

ಮಷೀನು ಕೂತಿತು. ಸಿಹಿನೀರು ಸಣ್ಣಗೆ, ಹೊಲಸು ನೀರು ಜೋರಾಗಿ. ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಕೈ ತೊಳೆದ ನೀರನ್ನೂ ಮೆಣಸಿನ ಗಿಡಕ್ಕೆ ಹಾಕುವ ಸೀಮೆ ಇದು. ಇಲ್ಲಿ ನೀರು ಚೆಲ್ಲುವವಳನ್ನು ಅನ್ನ ಚೆಲ್ಲುವವಳಿಗಿಂತ ಕಡೆಯಾಗಿ ಕಾಣುತ್ತಾರೆ. ಮೊದಲು ಆ ಪೈಪನ್ನು ಹಿತ್ತಲಿನ ಗಿಡಗಳಿಗೆ ಬಿಟ್ಟೆ. ಲಿಂಬೆಗಿಡದ ಎಲೆಯ ಅಂಚು ಸುಟ್ಟ ಹಾಗಾಯಿತು, ಕರಿಬೇವು ಒಣಗಿತು. ಬೀದಿಗೆ ಬಿಟ್ಟರೆ ಎದುರುಮನೆಯವರು ಕೆಸರಾಗುತ್ತದೆಂದು ಜಗಳಕ್ಕೆ ಬಂದರು. ಅತ್ತೆ ಆಗ ಮನೆಯಲ್ಲಿರಲಿಲ್ಲ, ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಉದಗೀರದಲ್ಲಿ ಮಗಳ ಮನೆಯಲ್ಲಿದ್ದರು. ಫಿಟ್ಟರ್ ಬಂದು "ವಹಿನೀ, ಪಾಯಿಪ ಕುಠೇ ಸೋಡೂ?" ಎಂದು — ಅತ್ತಿಗೆ, ಪೈಪು ಎಲ್ಲಿ ಬಿಡಲಿ ಎಂದು — ಕೇಳಿದಾಗ ನಾನು ಬೆರಳು ತೋರಿಸಿದ್ದು ಬಾವಿಯ ಕಡೆಗೆ.

ಅಷ್ಟು ದೊಡ್ಡ ಬಾವಿ, ಏನಾದೀತು — ನೀರು ನೀರಿಗೆ ಸೇರುತ್ತದೆ, ಹಾಳಂತೂ ಆಗುವುದಿಲ್ಲ — ಹೀಗೆ ಏನೇನೋ ಅಂದುಕೊಂಡೆ. ಲಿಂಬೆಗಿಡ ಕಣ್ಣೆದುರೇ ಇತ್ತು. ಪೈಪು ಕಾಣದ ಹಾಗೆ ಅದರ ಮೇಲೆ ಹಾಸುಗಲ್ಲು ಹಾಕಿಸಿದೆ. ತಪ್ಪಲ್ಲ ಅನಿಸಿದ್ದರೆ ಕಲ್ಲು ಯಾಕೆ ಬೇಕಿತ್ತು?

ಓಣಿ ಪೂರಾ ಮಷೀನಿನ ನೀರಿಗೆ ಬಿತ್ತು. ನಾನು "ಫಿಲ್ಟರ್ ವಹಿನಿ" ಆದೆ. ಹೆಂಗಸರು ಹಬ್ಬಕ್ಕೆ ಕರೆದಾಗ ಮುಂದೆ ಕೂಡಿಸತೊಡಗಿದರು. ನಮ್ಮ ಮನೆಯಲ್ಲೂ ಬಾವಿಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಅದು ದನಗಳಿಗೂ ಬಳಕೆಗೂ ಮಾತ್ರ. ಎಮ್ಮೆ ಒಂದೆರಡು ಸಲ ಬಾನಿಗೆ ಮೂತಿ ಹಾಕಿ ತಿರುಗಿ ನಿಂತಿತು. ಬಿಸಿಲಿಗೆ ಹೀಗೆ ಮಾಡುತ್ತದೆ ಅಂದುಕೊಂಡೆ.

ಆ ಬೇಸಿಗೆಯಲ್ಲೇ ಮೈದುನ ಶಿವರಾಜನ ಕೈ ಹಿಡಿದು ನೀನು ಬಂದೆ. ಉದಗೀರದಿಂದ ನೇರ ಮದುವೆಗೆ ಬಂದಿದ್ದ ಅತ್ತೆಯೂ ಅವತ್ತೇ ನಿಮ್ಮ ಸಂಗಡ ಮನೆಗೆ ಮರಳಿದರು.

ಮಾರನೆಯ ಬೆಳಿಗ್ಗೆ ನಿನ್ನನ್ನು ಬಾವಿಗೆ ಕರೆದುಕೊಂಡು ಹೋದವಳು ನಾನೇ. ಈ ಮನೆಯ ಪದ್ಧತಿ ಅದು: ಹೊಸ ಸೊಸೆ ಗಂಗೆಗೆ ಅರಿಷಿಣ ಕುಂಕುಮ ಏರಿಸಿ, ಮೊದಲ ಕೊಡ ಸೇದಿ, ತಲೆಯ ಮೇಲೆ ಹೊತ್ತು ದೇವರ ಕೋಣೆಗೆ ತರಬೇಕು. ಅದೇ ನೀರಿನಿಂದ ಅತ್ತೆ ಲಿಂಗಕ್ಕೆ ಅಭಿಷೇಕ ಮಾಡಿ, ತೀರ್ಥ ತಗೊಂಡು, ಸೊಸೆಯ ಕೈಗೂ ಹಾಕುತ್ತಾರೆ. ಅಲ್ಲಿಗೆ ಅವಳು ಮನೆಯವಳಾದಂತೆ. ನೀನು ಹಸಿರು ಸೀರೆ ಉಟ್ಟಿದ್ದೆ. ಕೊಡ ಭಾರವಾಗಿ ಸೆರಗು ನೆನೆದು, ನನ್ನ ಕಡೆ ನೋಡಿ ನಕ್ಕೆ — ಆ ನಗು ನನಗೆ ಇವತ್ತಿಗೂ ಬೇಡವಾಗಿದೆ.

ಅತ್ತೆ ತೀರ್ಥ ಬಾಯಿಗೆ ಹಾಕಿಕೊಂಡರು. ತೀರ್ಥ ಉಗುಳುವಂತಿಲ್ಲ. ನುಂಗಿದರು, ಮುಖ ಕಿವುಚಿತು.

"ನೀರು ಸೌಳ ಆಗ್ಯಾವ," ಅಂದರು. "ನಾ ಹೋಗಾಗ ಸಕ್ರಿ ಹಂಗ ಇದ್ದವು. ಇವತ್ತ ಯಾರ ಕೈ ಹಚ್ಯಾರ?"

ನೆಂಟರೆಲ್ಲ ನಿನ್ನನ್ನು ನೋಡಿದರು. ಯಾರೋ ಒಬ್ಬಳು "ಹೊಸಾ ಸೊಸಿ ಕಾಲಗುಣ ನೋಡ್ರೆವ್ವಾ" ಅಂದಳು. ಶಕುನ ಅಪಶಕುನ ಲಿಂಗ ಕಟ್ಟಿದವರಿಗಿಲ್ಲ ಎಂದು ನನಗೆ ಕಲಿಸಿದವರೇ ಅತ್ತೆ. ಅವರೂ ಆ ಹೊತ್ತಿನಲ್ಲಿ ಎದುರಾಡಲಿಲ್ಲ. ನೀನು ಸುತ್ತ ನೋಡಿದೆ. ನಿನ್ನ ಕಡೆಯವಳು ಅಂತ ಆ ಕೋಣೆಯಲ್ಲಿ ಸಿಕ್ಕವಳು ನಾನೊಬ್ಬಳೇ.

"ಅಕ್ಕಾ, ನೀವರೆ ಒಂದ್ಸಲ ಕುಡದ ನೋಡ್ರಿ. ನೀವು ಹೇಳ್ರಿ ಇವರಿಗಿ."

ನಾನು ಕುಡಿದೆ. ನಾಲಿಗೆಗೆ ತಾಗಿದ್ದೇ ತಡ, ಎಲ್ಲ ತಿಳಿಯಿತು. ಪೈಪು, ಲಿಂಬೆಗಿಡ, ಎಮ್ಮೆ, ಎಲ್ಲವೂ. ಅಂಗೈಯಲ್ಲಿ ಇನ್ನೂ ಒಂದಿಷ್ಟು ನೀರಿತ್ತು.

"ಹೌದು. ಸೌಳೇ ಅವ," ಅಂದೆ.

ಅಷ್ಟೇ. ಸುಳ್ಳಲ್ಲ ಅದು. ಸುಳ್ಳಾಗಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದೆ. ನಿಜ ಹೇಳಿದ್ದರಿಂದ ಇಷ್ಟು ವರ್ಷ ತಪ್ಪಿಸಿಕೊಂಡೆ.

ಅವತ್ತು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಮಷೀನು ನಿಲ್ಲುತ್ತಿತ್ತು. ಅತ್ತೆ ಹೇಳಿದ್ದೇ ಖರೆಯಾಯಿತು ಎಂದು ಊರು ಆಡಿಕೊಳ್ಳುತ್ತಿತ್ತು. ಫಿಲ್ಟರ್ ವಹಿನಿಯ ಹೆಸರು ಹೋಗುತ್ತಿತ್ತು. ನೋಡು, ಎಷ್ಟು ಸಣ್ಣ ವಸ್ತುವಿಗಾಗಿ... ಇನ್ನೊಂದೆರಡು ದಿನ ಕಳೆಯಲಿ, ನೆಂಟರು ಹೋಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ "ಆಮೇಲೆ" ಎಂಬುದು ಬರಲೇ ಇಲ್ಲ.

ಮನೆಯಲ್ಲಿ ನಿನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಬಾವಿಯ ಕಡೆ ಕಳಿಸಲಿಲ್ಲ, ಅಷ್ಟೇ. ಪೂಜೆಯ ಸಾಮಾನು ಮುಟ್ಟುವ ಮೊದಲು "ನೀ ಇರಲಿ ಬಿಡವ್ವಾ" ಅನ್ನುತ್ತಿದ್ದರು. ಮೆತ್ತಗೆ ಅನ್ನುತ್ತಿದ್ದರು — ಮೆತ್ತಗಿನ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ನಿನ್ನ ಮುಖದಲ್ಲಿ ನೋಡಿದ್ದೇನೆ. ಪೈಪನ್ನಾದರೂ ತೆಗೆಸಬಹುದಿತ್ತಲ್ಲ? ತೆಗೆಸಿದರೆ ಯಾಕೆ ತೆಗೆಸಿದಿ ಎಂದು ಕೇಳುತ್ತಾರೆಂಬ ಭಯ. ನೀನು ಈ ಮನೆಯಲ್ಲಿದ್ದಷ್ಟು ದಿನವೂ ಹಾಸುಗಲ್ಲಿನ ಕೆಳಗೆ ಉಪ್ಪು ಹರಿಯುತ್ತಲೇ ಇತ್ತು.

ನೀನು ಹೆರಿಗೆಗೆ ತವರಿಗೆ ಹೋದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯವರೆಲ್ಲ ಭಾಲ್ಕಿಗೆ ಬಂದರು, ನಾನು ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದೆ. "ಅಕ್ಕ ಯಾಕ ಬರಲಿಲ್ಲ" ಎಂದು ನೀನು ಕೇಳಿದೆಯಂತೆ. ಜ್ವರ ಇರಲಿಲ್ಲ, ಸುವರ್ಣಾ. ಮನೆ ಖಾಲಿ ಇತ್ತು. ಫಿಟ್ಟರನನ್ನು ಕರೆಸಿ, ಕಲ್ಲು ಎತ್ತಿಸಿ, ಪೈಪನ್ನು ಊರಾಚೆಯ ನಾಲೆಗೆ ತಿರುಗಿಸಿದೆ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೆ. ಬಾವಿ ಸಿಹಿಯಾದರೆ ಎಲ್ಲರೂ ಎಲ್ಲ ಮರೆಯುತ್ತಾರೆ, ನೀನು ಮಗುವಿನ ಸಂಗಡ ನಗುತ್ತ ಬರುತ್ತಿ ಎಂದು.

ಆ ವರ್ಷ ಮಳೆ ಚೆನ್ನಾಗಿ ಬಂತು. ಬಾವಿ ತುಂಬಿತು, ನೀರು ತಿಳಿಯಾಯಿತು. ಅತ್ತೆ ಒಂದು ಬೆಳಿಗ್ಗೆ ತೀರ್ಥ ತೆಗೆದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಅಂದರು: "ಆಕಿ ಹೋದ ಮ್ಯಾಲೆ ಬಾವಿ ಸುಧಾರಿಸ್ಯಾದ. ಇನ್ನ ಆಕಿಗಿ ಹೆಂಗ ಕರಕೊಂಡ ಬರಲಿ?"

ನಾನು ಹಿಂದೆಯೇ ನಿಂತಿದ್ದೆ. ಕಾಲ್ಗುಣದ ಮಾತು ಅಲ್ಲಿಯವರೆಗೆ ಬರೀ ಅನುಮಾನವಾಗಿತ್ತು. ನಾನು ಕದ್ದು ಪೈಪು ಸರಿಮಾಡಿ ಅದಕ್ಕೆ ಪುರಾವೆ ಒದಗಿಸಿದ್ದೆ.

ಶಿವರಾಜ ಒಳ್ಳೆಯವನು. ತಾಯಿಯ ಎದುರು ಜಗಳ ಮಾಡಲಿಲ್ಲ, ಉದಗೀರದ ದಾಲ್ ಮಿಲ್ಲಿನಲ್ಲಿ ಕೆಲಸ ಹಿಡಿದು, ಬಾಡಿಗೆ ಮನೆ ಮಾಡಿ ನಿನ್ನನ್ನು ಕರೆಸಿಕೊಂಡ. ನೀನು ಮತ್ತೆ ಈ ಹೊಸ್ತಿಲು ದಾಟಲಿಲ್ಲ. ಸಂತೆಗೆ ಉದಗೀರಕ್ಕೆ ಬಂದಾಗಲೆಲ್ಲ ನಿನ್ನ ಮನೆಗೆ ಬಂದಿದ್ದೇನೆ, ನೀನು ಮೊದಲು ನೀರಿನ ತಂಬಿಗೆ ಕೊಡುತ್ತಿ. ಒಮ್ಮೆ ಕೇಳಿದೆ ನೀನು — "ಅಕ್ಕಾ, ಖರೇನೇ ನನ್ನಿಂದ ಆಗಿತ್ತೇನ್ರಿ ಅದು?" ಆಗ ನಾನು ಏನಂದೆ, ನೆನಪಿದೆಯೆ? "ಬಿಡು, ಹಳೀ ಮಾತ" ಅಂದೆ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ತಿಂದವಳು ನಾನು, ಕುಡಿದವಳು ನೀನು.

ಈಗ ನನ್ನ ಮಗನ ಮದುವೆ ಹತ್ತಿರ ಬಂದಿದೆ. ಹುಡುಗಿ ಉಮರ್ಗಾದವಳು, ಇದೇ ಬಾವಿಯಿಂದ ಮೊದಲ ಕೊಡ ತರುವವಳು. ಮೊನ್ನೆ ಅತ್ತೆ ಹಾಸಿಗೆಯಲ್ಲಿ ಒರಗಿಕೊಂಡೇ ಯಾದಿ ಹೇಳುತ್ತಿದ್ದರು. "ಸುವರ್ಣಾಗ ಕರೀರಿ. ಖರೆ, ಬಾವಿ ಪೂಜಿಗಿ ಆಕಿ ದೂರ ಇರಲಿ," ಅಂದರು.

ನನ್ನ ಕೈಯಲ್ಲಿದ್ದ ತಾಟು ಕೆಳಗಿಟ್ಟು, ಅವರ ಕಾಲ ಹತ್ತಿರ ಕೂತು ಹೇಳಿಬಿಟ್ಟೆ. ಪೈಪು, ಕಲ್ಲು, ಜ್ವರ, ಎಲ್ಲ. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿದ್ದೆ.

"ಆಕಿಗಿ ಹೇಳಿಯೇನು?" ಎಂದು ಕೇಳಿದರು ಅತ್ತೆ.

"ಇಲ್ರೀ."

"ಮತ್ತ ನನಗ್ಯಾಕ ಹೇಳ್ತಿ? ನಂದು ನಾ ನೋಡ್ಕೋತೀನಿ. ನೀ ಮದಲ ಆಕಿ ಕಡೆ ಹೋಗು."

ಈ ಕಾಗದ ಹಿಡಿದುಕೊಂಡು ಬರುತ್ತಿದ್ದೇನೆ. ಕೊಟ್ಟು ಓಡಿಹೋಗುವುದಿಲ್ಲ, ನೀನು ಓದಿ ಮುಗಿಸುವವರೆಗೆ ಎದುರೇ ಕೂತಿರುತ್ತೇನೆ. ತಂಬಿಗೆ ಕೊಡಬೇಡ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಮದುವೆಗೆ ಬರುವುದು ಬಿಡುವುದು ನಿನ್ನ ಮನಸ್ಸು. ನೀನು ಬಂದರೂ, ಬರದಿದ್ದರೂ, ಆ ಹುಡುಗಿ ಹಗ್ಗಕ್ಕೆ ಕೈ ಹಾಕುವ ಮೊದಲು, ನೆಂಟರೆಲ್ಲ ನಿಂತಿರುವಾಗ, ಬಾವಿಯ ಕಟ್ಟೆಯ ಮೇಲೆ ನಿಂತು ನಾನು ಇದನ್ನು ಬಾಯಿಬಿಟ್ಟು ಹೇಳುತ್ತೇನೆ — ಮರಾಠಿ ಬಂದವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ.

ಆ ದಿನ ನೀನು ನನ್ನನ್ನು ರುಚಿ ಕೇಳಿರಲಿಲ್ಲ, ಸುವರ್ಣಾ. ನೀನು ಕೇಳಿದ್ದು, ನನ್ನ ಸಂಗಡ ನಿಲ್ಲುತ್ತೀರಾ ಎಂದು. ನಾನು ರುಚಿ ಹೇಳಿದೆ.