ನಿವಾಳಿಸಿ ಒಗೆದ ಚೀಲ

ತುರ್ವಿಹಾಳದ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡಿ ಬದುಕಿದವಳು ನಾನು. ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಕೆಲಸ ಇಲ್ಲದೆ ಸಿಂಧನೂರಿನ ಹೊರಗಿನ ಒಂದು ಶೆಡ್ಡಿಗೆ ಸೇರಿಕೊಂಡೆ. ಬೀದಿಯಲ್ಲಿ, ಕಾಲುವೆ ದಂಡೆಯಲ್ಲಿ ಜನ ಒಗೆದ ಪ್ಲಾಸ್ಟಿಕ್ ಅಲ್ಲಿಗೆ ಬರುತ್ತದೆ. ಹೆಂಗಸರು ಆರಿಸಿ ಕೊಡಬೇಕು. ಅದನ್ನು ಕರಗಿಸಿ, ಉಸುಕು ಕಲಸಿ, ಅಚ್ಚಿಗೆ ಹಾಕಿ ಅಂಗಳಕ್ಕೆ ಹಾಸುವ ಇಟ್ಟಿಗೆ ಮಾಡುತ್ತಾರೆ.

ಅಮಾವಾಸ್ಯೆಯ ಮರುದಿನ ಮಾತ್ರ ಯಾರ ಕೈಯೂ ಮುಂದೆ ಬರುವುದಿಲ್ಲ. ಕೂಸಿಗೆ, ಎಮ್ಮೆಗೆ, ಹೊಸ ಬೈಕಿಗೆ ದೃಷ್ಟಿ ನಿವಾಳಿಸಿದ ನಿಂಬೆಹಣ್ಣು, ಮೆಣಸಿನಕಾಯಿ, ಕುಂಕುಮ ಕಲಸಿದ ಅನ್ನ ಎಲ್ಲ ಚೀಲದಲ್ಲಿ ಗಂಟು ಕಟ್ಟಿ ಮೂರು ದಾರಿ ಕೂಡುವಲ್ಲಿ ಒಗೆದಿರುತ್ತಾರೆ. ಮುಟ್ಟಿದವರಿಗೆ ಆ ದೋಷ ಹತ್ತುತ್ತದಂತೆ. ಮೊದಲ ಸಲ ಎಲ್ಲರೂ ಸುಮ್ಮನೆ ಕೂತಾಗ ನನಗೆ ಸಿಟ್ಟು ಬಂತು. ಗಂಟು ಬಿಚ್ಚಿ, ನಿಂಬೆಹಣ್ಣು ಆಚೆ ಒಗೆದು, ಚೀಲ ಕೊಡವಿದೆ. ನನಗೇನೂ ಆಗಲಿಲ್ಲ. ಅಂದಿನಿಂದ ಅಂಥ ಚೀಲಗಳೆಲ್ಲ ನನ್ನ ಮುಂದೆಯೇ ಬಂದವು.

"ನಿನಗ ಹತ್ತಂಗಿಲ್ಲ ಬಿಡ ಯಮ್ಮಾ, ನಿನ್ನ ಕಂಡ್ರ ದೆವ್ವಾನ ದಾರಿ ಬಿಡತಾವು," ಎಂದು ಪಕ್ಕದವಳು ಕಾಲಿಂದ ಇತ್ತ ತಳ್ಳುತ್ತಿದ್ದಳು.

ಮೇಲೆ ತಗಡಿನ ಕಾವು, ಒಳಗೆ ಹೊಗೆ. ಕೆಮ್ಮು ಬಿಡಲೊಲ್ಲದು. ಈ ಸಲ ಕಾಲುವೆಗೆ ನೀರು ಬಂತು. ಸಾಕು ಈ ಶೆಡ್ಡು, ಕೆಸರಿಗೇ ಇಳಿಯೋಣ ಎಂದು, ನಾಟಿಗೆ ಹೆಂಗಸರ ಗುಂಪು ಕಟ್ಟುವ ನನ್ನ ಹಳೆಯ ಗೆಳತಿಯ ಮನೆಗೆ ಹೋದೆ. ಬಾಗಿಲ ಮುಂದೆ ನಮ್ಮ ಶೆಡ್ಡಿನ ಇಟ್ಟಿಗೆಗಳನ್ನೇ ಹಾಸಿದ್ದಳು. ಅವುಗಳ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು.

"ನೀ ಬ್ಯಾಡ ಬೇ ಯಕ್ಕಾ," ಅಂದಳು. "ಅಮಾಸಿ ಚೀಲ ಬಿಚ್ಚಿದ ಕೈಲೆ ಸಸಿ ಹಚ್ಚಿದ್ರ ಗದ್ದಿ ಮಾಲಕ ನಮ್ಮ ಗುಂಪನ್ನ ಇಳಸಂಗಿಲ್ಲ. ಹೆಣ್ಮಕ್ಕಳೂ ನಿನ್ನ ಬಾಜೂಕ ನಿಂದ್ರಂಗಿಲ್ಲ ಅಂತಾರ."

"ಅದ ಚೀಲದ ಮ್ಯಾಲ ಕುಂಡಿ ಊರಿ ಕುಂತೀಯಲ್ಲಲೇ! ನಿನಗ ಹತ್ತಂಗಿಲ್ಲೇನು?"

ಅವಳು ಇಟ್ಟಿಗೆಯನ್ನು ತಟ್ಟಿ ನೋಡಿದಳು. "ಇದನ್ನ ಬೆಂಕ್ಯಾಗ ಹಾಕಿ ತಗದಾರ. ಇದ್ದ ದೋಷ ಸುಟ್ಟು ಹೋಗೇತಿ. ನಿನ್ನ ಇನ್ನಾ ಹಾಕಿಲ್ಲಲ್ಲ."

ಇಬ್ಬರಿಗೂ ನಗು ಬಂತು.

"ನಮ್ಮ ಮಂದ್ಯಾಗ ಸತ್ತವ್ರನ್ನ ಹೂಳತಾರ, ಸುಡಂಗಿಲ್ಲ," ಅಂದೆ.

"ಹಂಗಾರ ಮುಗೀತು ಬಿಡು."

ಕುಡಿದು ಒಗೆಯುವ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಕೊಟ್ಟಳು. ಕುಡಿದು ಬಂದೆ. ಮರುದಿನ ಮತ್ತೆ ಶೆಡ್ಡಿಗೆ ಹೋದರೆ ನನ್ನ ಜಾಗ ಖಾಲಿಯೇ ಇತ್ತು. ಅಲ್ಲಿ ಇನ್ಯಾರು ಕೂಡುತ್ತಾರೆ?